ಇಲ್ಲದ ಮಿನಾರಿಗೆ ಬಿಟ್ಟ ಜಾಗ

ಬೀದರ್‌ಗೆ ಹೊರಟಾಗ ನಾನು ಬಣ್ಣದ ಡಬ್ಬಿ ಪೂರ್ತಿ ಒಯ್ಯುವುದಿಲ್ಲ. ಒಂದು ಕೆಂಪು, ಒಂದು ನೀಲಿ, ಕಪ್ಪು ಶಾಯಿಯ ಪೆನ್ನು, ಅಷ್ಟೇ. ಕೆಂಪು ಅಲ್ಲಿನ ನೆಲಕ್ಕೆ. ಊರು ಕೂತಿರುವುದೇ ಜಂಬಿಟ್ಟಿಗೆ ಕಲ್ಲಿನ ಎತ್ತರದ ಮೇಲೆ. ಮನೆ ಗೋಡೆ, ಕೋಟೆ, ಕಂದಕ, ರಸ್ತೆ ಬದಿಯ ಧೂಳು ಎಲ್ಲವೂ ಒಂದೇ ಕೆಂಪು. ನೀಲಿ ಮಹಮೂದ್ ಗವಾನನ ಮದರಸಾಕ್ಕೆ. ಕಪ್ಪು ಬಿದರಿಗೆ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಅಲ್ಲಿನ ಕಲೆಗೆ. ಉಳಿದ ಬಣ್ಣ ಬೇಕೆನಿಸಿದರೆ ಮನೆಗೆ ಬಂದ ಮೇಲೆ ನೋಡಿದರಾಯಿತು ಅಂದುಕೊಳ್ಳುತ್ತೇನೆ. ಬೇಕಾಗುವುದು ಕಡಿಮೆ.

ಎಳ್ಳಮಾವಾಸ್ಯೆ ಮುಗಿದ ವಾರ ಅದು. ಕಲಬುರಗಿಯಿಂದ ಬೆಳಗಿನ ಮೊದಲ ಬಸ್ಸು ಹಿಡಿದೆ. 2017ರಿಂದ ಬೀದರ್‌ಗೆ ನೇರ ರೈಲು ಮಾರ್ಗವೂ ಇದೆ. ಆದರೆ ನನಗೆ ಕಮಲಾಪುರ, ಹುಮನಾಬಾದ್ ದಾರಿಯೇ ಇಷ್ಟ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಸಿಗುತ್ತದೆ. ಒಂದು ಹಣ್ಣನ್ನು ತೊಡೆ ಮೇಲಿಟ್ಟುಕೊಂಡು ಬಸ್ಸು ನಿಂತಷ್ಟು ಹೊತ್ತು ಬರೆದೆ. ಆ ಸಿಪ್ಪೆಯ ಕೆಂಪಿನಲ್ಲಿ ಒಂಚೂರು ನೇರಳೆ ಇದೆ. ನನ್ನ ಕೆಂಪಿಗೆ ನೀಲಿ ಬೆರೆಸಿದಾಗ ಸುಮಾರು ಹತ್ತಿರ ಬಂತು. ಆಮೇಲೆ ತಿಂದೆ.

ಮದರಸಾ ನೋಡಲು ಬೆಳಗಿನ ಹೊತ್ತೇ ಬೇಕು. ಅದರ ಮುಖ ಪೂರ್ವಕ್ಕೆ. ಸೂರ್ಯ ಏರಿದ ಮೇಲೆ ಹೋದರೆ ಟೈಲ್ಸಿನ ಬಣ್ಣ ಮಂಕಾಗುತ್ತದೆ. ಕೋಟೆಗೂ ಊರ ನಡುವಿನ ಹಳೆಯ ಕಾವಲು ಗೋಪುರ ಚೌಬಾರಕ್ಕೂ ನಡುವಿನ ರಸ್ತೆಯಲ್ಲಿ ಇಳಿದು, ಎದುರಿಗೆ ಒಂದು ಕಟ್ಟೆ ನೋಡಿ ಕೂತೆ. ಚಳಿಗೆ ಬೆರಳು ಬಗ್ಗುತ್ತಿರಲಿಲ್ಲ. ಒಂದು ಚಹಾ ತರಿಸಿ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ, ಕುಡಿಯುವುದಕ್ಕಿಂತ ಕೈ ಕಾಯಿಸಲಿಕ್ಕೇ ಜಾಸ್ತಿ.

ಗವಾನ್ ಇರಾನಿನ ಗೀಲಾನ್ ಕಡೆಯಿಂದ ಬಂದವನು. ವ್ಯಾಪಾರಕ್ಕೆ ಬಂದು ಬಹಮನಿ ರಾಜ್ಯದ ಮಂತ್ರಿಯಾದ. 1472ರಲ್ಲಿ ಈ ಮದರಸಾ ಕಟ್ಟಿಸಿದ. ಮೂರು ಅಂತಸ್ತು, ನಡುವೆ ತೆರೆದ ಅಂಗಳ, ಸುತ್ತ ಪಾಠದ ಕೋಣೆಗಳು, ಪುಸ್ತಕ ಭಂಡಾರ, ಪ್ರಾರ್ಥನೆಗೆ ಜಾಗ, ಮೇಷ್ಟ್ರಿಗೂ ಹುಡುಗರಿಗೂ ಇರಲು ಕೋಣೆ. ಒಂಬತ್ತು ವರ್ಷದ ಮೇಲೆ, 1481ರಲ್ಲಿ, ಅವನ ಹೆಸರಲ್ಲಿ ಯಾರೋ ಬರೆದ ಸುಳ್ಳು ಪತ್ರವನ್ನು ನಂಬಿ ಸುಲ್ತಾನ ಅವನ ತಲೆ ತೆಗೆಸಿದ. ಕಟ್ಟಡ ಉಳಿಯಿತು. 1696ರಲ್ಲಿ, ಔರಂಗಜೇಬನ ಕಾಲದಲ್ಲಿ, ಒಳಗಿಟ್ಟಿದ್ದ ಮದ್ದು ಸಿಡಿದು ಮುಂಬಾಗಿಲು, ಎಡಗಡೆಯ ಮಿನಾರು, ದಕ್ಷಿಣದ ಪಾಲು ಎಲ್ಲ ಹಾರಿಹೋಯಿತು.

ಹಾಗಾಗಿ ಎದುರಿಗೆ ಕೂತವರಿಗೆ ಕಾಣುವುದು ಬಲಗಡೆಯ ಒಂದೇ ಮಿನಾರು. ಅದರ ಮೈತುಂಬ ಅಂಕುಡೊಂಕು ಪಟ್ಟೆ. ದೂರದಿಂದ ನೋಡಿದರೆ ಸುಲಭ ಅನಿಸುತ್ತದೆ. ಬರೆಯಲು ಕೂತಾಗ ಅದರ ಲೆಕ್ಕ ತಿಳಿಯುತ್ತದೆ. ಮಿನಾರು ದುಂಡಗಿದೆ. ಪಟ್ಟೆ ಮೇಲೇರಿ, ಕೆಳಗಿಳಿದು, ಹಿಂದೆ ಸುತ್ತಿ ಬಂದು, ಹೊರಟ ಜಾಗಕ್ಕೇ ಸರಿಯಾಗಿ ಕೂಡಬೇಕು. ಸುತ್ತಳತೆಯನ್ನು ಮೊದಲೇ ಭಾಗ ಮಾಡಿಕೊಂಡಿರದಿದ್ದರೆ ಅದು ಕೂಡುವುದೇ ಇಲ್ಲ. ಅಂದರೆ ನೀಲಿ, ಹಸಿರು, ಬಿಳಿ ತುಂಡುಗಳನ್ನು ಕೂಡಿಸಿದವನ ಕೈಯಲ್ಲಿ ಮೊದಲು ಒಂದು ಚಿತ್ರ ಇತ್ತು. ಅವನೂ ಎಲ್ಲೋ ಕೂತು ಗೆರೆ ಎಳೆದಿದ್ದ. ಆ ಯೋಚನೆ ಬಂದಾಗ ನನಗೆ ಒಂಥರಾ ಧೈರ್ಯ ಬಂತು. ಮುಂಭಾಗದ ಮೇಲಿನ ಪಟ್ಟಿಯಲ್ಲಿ ನೀಲಿ ನೆಲದ ಮೇಲೆ ಬಿಳಿ ಅಕ್ಷರಗಳಿವೆ. ಆ ಲಿಪಿ ನನಗೆ ಓದಲು ಬರುವುದಿಲ್ಲ. ಆದರೆ ಉದ್ದ ಗೆರೆಗಳು ಒಂದೇ ಅಂತರದಲ್ಲಿ ಎದ್ದು ನಿಲ್ಲುವುದು, ಅವುಗಳ ಕಾಲಬುಡದಲ್ಲಿ ಬಾಗಿದ ಗೆರೆಗಳು ಹೆಣೆದುಕೊಳ್ಳುವುದು ಕಣ್ಣಿಗೆ ಗೊತ್ತಾಗುತ್ತದೆ. ಅದನ್ನು ಬರೆದುಕೊಂಡೆ.

ಶಾಲೆಗೆ ಹೊರಟಿದ್ದ ಒಬ್ಬ ಹುಡುಗ ಚೀಲ ಹೊತ್ತುಕೊಂಡೇ ಹಿಂದೆ ನಿಂತಿದ್ದ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ:

“ಅಕ್ಕಾ, ಈ ಕಡಿ ಮಿನಾರ್ ಯಾಕ ತೆಗ್ದಿಲ್ಲ?”

“ಅಲ್ಲಿ ಇಲ್ಲಲ್ಲಪ್ಪ.”

“ಮೊದ್ಲ ಇತ್ತಂತ. ನಮ್ಮ ಸರ್ ಹೇಳ್ಯಾರ. ನೀವು ತೆಗೀರಿ, ಚಂದ ಕಾಣ್ತದ.”

ಸುಳ್ಳು ಯಾಕೆ, ನನಗೂ ಆಸೆಯಾಯಿತು. ಬಲಗಡೆಯದನ್ನೇ ತಿರುಗಿಸಿ ಎಡಕ್ಕೆ ಬರೆದರೆ ಚಿತ್ರ ತೂಕವಾಗಿ ನಿಲ್ಲುತ್ತದೆ. ನೋಡಿದವರು ಭಲೇ ಅನ್ನುತ್ತಾರೆ. ಆದರೆ ಆಗ ಆ ಹಾಳೆಯಲ್ಲಿ 1472 ಮಾತ್ರ ಇರುತ್ತದೆ, 1696 ಇರುವುದಿಲ್ಲ. ಮೂರು ನೂರು ವರ್ಷಕ್ಕೂ ಮೇಲೆ ಈ ಊರಿನ ಜನ ದಿನ ಬೆಳಗಾದರೆ ನೋಡಿದ್ದು ಒಡೆದ ಈ ಮುಖವನ್ನೇ. ಗೋಡೆ ಮುರಿದಲ್ಲಿ ಒಳಗಿನ ಕಲ್ಲು, ಗಾರೆ ಕಾಣುತ್ತದೆ. ಅಷ್ಟು ನಾಜೂಕಾದ ಟೈಲ್ಸಿನ ಹಿಂದೆ ಎಷ್ಟು ಒರಟಾದ ಗೋಡೆ ಇತ್ತು ಅಂತ ಅಲ್ಲೇ ಗೊತ್ತಾಗುವುದು. ಪಾರಿವಾಳ ಕೂರುವುದೂ ಅಲ್ಲಿಯೇ. ಅದನ್ನೆಲ್ಲ ಮುಚ್ಚಿ, ನಾನು ನೋಡದ ಒಂದು ಮಿನಾರನ್ನು ನಿಲ್ಲಿಸಲು ಮನಸ್ಸು ಒಪ್ಪಲಿಲ್ಲ. ಮುರಿದ ಅಂಚನ್ನು ಆದಷ್ಟು ನಿಖರವಾಗಿ ಬರೆದು, ಎಡಗಡೆ ಹಾಳೆಯನ್ನು ಖಾಲಿ ಬಿಟ್ಟೆ. ಹುಡುಗನಿಗೆ ಅದನ್ನು ತೋರಿಸಿ, “ಇಲ್ಲಿ ಇತ್ತು ಅಂತ ನಿನಗ ಗೊತ್ತದ ಅಲ್ವಾ, ಈ ಜಾಗ ಅದಕ್ಕೇ ಬಿಟ್ಟೀನಿ” ಅಂದೆ. ಅವನು ಖಾಲಿ ಜಾಗದ ಮೇಲೆ ಬೆರಳಿಟ್ಟು ಮೇಲಿನವರೆಗೆ ಎಳೆದು ನೋಡಿದ. ಎತ್ತರ ಸರಿಯಾಗಿಯೇ ಅಂದಾಜು ಮಾಡಿದ್ದ. ಆಮೇಲೆ ಶಾಲೆ ಕಡೆ ಓಡಿದ.

ಅಲ್ಲಿಂದ ಚೌಬಾರದ ಕಡೆ ನಡೆದರೆ ಬಿದರಿ ಅಂಗಡಿಗಳು. ಮುಂದೆ ಅಂಗಡಿ, ಹಿಂದೆ ಕೆಲಸದ ಕೋಣೆ. ಒಂದು ಕಡೆ ವಯಸ್ಸಾದ ಕುಶಲಕರ್ಮಿ ನೆಲದ ಮೇಲೆ ಕೂತು ಹೂದಾನಿಯ ಮೇಲೆ ಬಳ್ಳಿ ಬರೆಯುತ್ತಿದ್ದರು. ಬರಿಗೈಯಲ್ಲಿ, ಚೂಪಾದ ಮೊಳೆಯಲ್ಲಿ. ಕೇಳಿದ್ದಕ್ಕೆ “ಕೂಡ್ರಿ ಅಕ್ಕಾ, ಬರೀರಿ” ಅಂದರು.

ಬಿದರಿ ಪಾತ್ರೆ ಸತುವಿನದು, ತಾಮ್ರ ಸ್ವಲ್ಪ ಮಾತ್ರ ಸೇರುತ್ತದೆ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಲ್ಲಿ ಉಜ್ಜಿ ನಯ ಮಾಡುತ್ತಾರೆ. ಅದರ ಮೇಲೆ ಮೈಲುತುತ್ತದ ನೀರು ಸವರಿದಾಗ ಮೇಲ್ಮೈ ಕಪ್ಪಾಗುತ್ತದೆ. ಅದು ಗೆರೆ ಕಾಣಲಿ ಅಂತ ಮಾಡುವ ತಾತ್ಕಾಲಿಕ ಕಪ್ಪು. ಗೆರೆಯ ಮೇಲೆ ಉಳಿ ಹಿಡಿದು ಸಣ್ಣ ಕಾಲುವೆ ಕೊರೆಯುತ್ತಾರೆ. ಬೆಳ್ಳಿಯ ತಂತಿಯನ್ನು ಅದರೊಳಗೆ ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಮತ್ತೆ ಉಜ್ಜುತ್ತಾರೆ. ಇಲ್ಲಿಯವರೆಗೆ ನನಗೆ ಗೊತ್ತಿತ್ತು. ಆದರೆ ಉಜ್ಜಿ ಮುಗಿದ ಪಾತ್ರೆಯನ್ನು ಅವರು ನನ್ನ ಕೈಗೆ ಕೊಟ್ಟಾಗ ಬೆಚ್ಚಿಬಿದ್ದೆ. ಚಿತ್ತಾರವೇ ಕಾಣುತ್ತಿಲ್ಲ! ಸತುವೂ ಬೆಳ್ಳಗೆ, ಬೆಳ್ಳಿಯೂ ಬೆಳ್ಳಗೆ. ಅಷ್ಟು ದಿನದ ಕೆಲಸ ಎಲ್ಲೋ ಕರಗಿದ ಹಾಗಿತ್ತು. ಬೆಳಕಿಗೆ ಓರೆ ಹಿಡಿದರೆ ಮಾತ್ರ ಎಲ್ಲೋ ಒಂದು ಎಲೆಯ ತುದಿ.

“ಈಗ ಮಣ್ಣಿನ ಕೆಲಸ” ಅಂದರು ಅವರು. ಕೋಟೆಯೊಳಗೆ ತಲೆಮಾರುಗಳಿಂದ ಬಿಸಿಲು, ಮಳೆ ತಾಗದ ಜಾಗದ ಮಣ್ಣು ಅದು. ಸರಿಯಾದ ಮಣ್ಣೋ ಅಲ್ಲವೋ ಅಂತ ನಾಲಿಗೆಗೆ ಹಚ್ಚಿ ನೋಡುತ್ತಾರೆ. ನವಸಾಗರ ಬೆರೆಸಿ ನೀರಲ್ಲಿ ಕುದಿಸಿ, ಪಾತ್ರೆಯನ್ನು ಅದರಲ್ಲಿ ಅದ್ದುತ್ತಾರೆ. ಸತು ಗಾಢ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ತೊಳೆದು ಎಣ್ಣೆ ಒರೆಸಿದ ಮೇಲೆ ಬಳ್ಳಿ, ಹೂವು, ಎಲೆ ಎಲ್ಲ ಒಮ್ಮೆಗೇ ಎದ್ದು ಬಂದವು. ನಾನು ಪೆನ್ನು ಕೆಳಗಿಟ್ಟು ನೋಡುತ್ತಾ ಕೂತುಬಿಟ್ಟೆ. ಇದೇ ಕೆಲಸಕ್ಕೆ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆ ಸುದ್ದಿ ಓದಿದಾಗ ಪಟ್ಟ ಖುಷಿ, ಅವತ್ತು ಆ ಬಾಣಲೆಯ ಮುಂದೆ ಕೂತಾಗ ಇನ್ನೂ ಹೆಚ್ಚಾಯಿತು.

ನನ್ನ ಪುಸ್ತಕ ತಿರುವಿ ನೋಡಿದ ಅವರು ಮದರಸಾ ಚಿತ್ರದ ಹತ್ತಿರ ನಿಂತರು. ಖಾಲಿ ಬಿಟ್ಟ ಕಡೆ ನೋಡಿ, “ಇದು ಮುಗಿದದ ಏನ್ರಿ?” ಅಂದರು. ಮುಗಿದದ ಅಂದೆ. ತಲೆ ಆಡಿಸಿದರು. “ತುಂಬ್ಲಕ ಹೋಗಬ್ಯಾಡ್ರಿ. ನಮ್ಮದ್ರಾಗೂ ಭಾಳ ಬೆಳ್ಳಿ ತುಂಬಿದ್ರ ಕಪ್ಪು ಉಸಿರಾಡಲ್ಲ” ಅಂದರು. ಆ ಮಾತನ್ನು ಚಿತ್ರದ ಕೆಳಗೆ ಹಾಗೆಯೇ ಬರೆದುಕೊಂಡೆ.

ಮಧ್ಯಾಹ್ನ ಒಂದು ಸಣ್ಣ ಖಾನಾವಳಿ. ನಾಲ್ಕು ಬೆಂಚು, ಒಳಗೆ ಒಲೆ, ಒಲೆ ಮುಂದೆ ಒಬ್ಬ ಅವ್ವ. ನಾನು ಬೇಕೆಂದೇ ಒಲೆ ಕಾಣುವ ಬೆಂಚಿನಲ್ಲಿ ಕೂತೆ. ರೊಟ್ಟಿ ಬಡಿಯುವ ಕೈಯನ್ನು ಬರೆಯುವುದು ಮಿನಾರು ಬರೆಯುವುದಕ್ಕಿಂತ ಕಷ್ಟ. ಮಿನಾರು ನಿಂತಿರುತ್ತದೆ. ಅವ್ವನ ಕೈ ಬಿಸಿನೀರಲ್ಲಿ ಹಿಟ್ಟು ನಾದಿ, ಉಂಡೆ ಮಾಡಿ, ಬಡಿಯುತ್ತಾ ಬಡಿಯುತ್ತಾ ರೊಟ್ಟಿಯನ್ನು ತಿರುಗಿಸುತ್ತದೆ. ಬಲಗೈ ಬಡಿದರೆ ಎಡಗೈ ಅಂಚು ಕಾಯುತ್ತದೆ. ಹಂಚಿಗೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಲ್ಲಿ ಮೇಲೆ ನೀರು ಸವರಬೇಕು. ಬೆರಳುಗಳನ್ನು ಬಿಡಿಸಿ ಬರೆಯಲು ಪುರುಸೊತ್ತಿಲ್ಲ. ಮಣಿಕಟ್ಟಿನ ಬಾಗು, ಮೊಣಕೈ ಎದ್ದ ರೀತಿ, ಹಿಟ್ಟು ಹತ್ತಿದ ಹಸಿರು ಬಳೆ ಇಷ್ಟನ್ನು ಒಂದರ ಮೇಲೊಂದು ಬರೆಯುತ್ತಾ ಹೋದೆ. ಒಂದೇ ಹಾಳೆಯಲ್ಲಿ ಹತ್ತಾರು ಕೈ ಆದವು. ಆ ದಿನದ ಹಾಳೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದೇ.

“ಅಕ್ಕಾರ, ಚಿತ್ರ ಆಮ್ಯಾಲ ತೆಗೀರಿ. ರೊಟ್ಟಿ ಆರ್ಲತ್ತದ” ಅಂತ ಅವ್ವ ಗದರಿದರು. ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ಪುಂಡಿ ಸೊಪ್ಪಿನ ಹುಳಿಯೂ ಹಸಿಮೆಣಸಿನ ಖಾರವೂ ಬಿಸಿ ರೊಟ್ಟಿಯ ಜೊತೆ ಸೇರಿದಾಗ ಚಳಿ ಎಲ್ಲಿತ್ತೋ ಅಲ್ಲಿಗೆ ಹೋಯಿತು. ಜೊತೆಗೆ ಒಂದು ಬಟ್ಟಲಲ್ಲಿ ಭಜ್ಜಿ ತಂದಿಟ್ಟರು. ಎಣ್ಣೆಯಲ್ಲಿ ಕರಿಯುವ ಭಜ್ಜಿ ಅಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಒಯ್ಯಲು ನಮ್ಮ ಕಡೆ ಮಾಡುವ ಭಜ್ಜಿ. ಹಸಿ ಕಾಳುಗಳು, ಸೊಪ್ಪು, ತರಕಾರಿ, ಹುಣಸೆಹುಳಿ, ಕಡ್ಲಿಹಿಟ್ಟು ಎಲ್ಲ ಕೂಡಿಸಿ ಕುದಿಸಿದ್ದು. ಹಬ್ಬ ಮುಗಿದಿತ್ತು. “ಹಸಿ ಕಾಳು ಇನ್ನಾ ಸಿಗ್ಲತ್ತಾವ, ಅದಕ್ಕ ಮಾಡೀನಿ” ಅಂದರು. ಆ ಬಟ್ಟಲಿನ ಹಸಿರಿಗೆ ನನ್ನ ಹತ್ತಿರ ಬಣ್ಣ ಇರಲಿಲ್ಲ. ಅದರ ಪಕ್ಕ ಅಕ್ಷರದಲ್ಲಿ ಬರೆದೆ: ಅವರೆ, ಹಸಿ ಕಡ್ಲಿ, ಮೆಂತ್ಯ, ಉಳ್ಳಾಗಡ್ಡಿ ಸೊಪ್ಪು.

ಕೋಟೆಯ ಬಗ್ಗೆ ಇಲ್ಲಿ ಜಾಸ್ತಿ ಹೇಳುವುದಿಲ್ಲ. ಬಂಡೆಯನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕಕ್ಕೇ ಒಂದು ದಿನ ಬೇಕು. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ರಂಗೀನ್ ಮಹಲಿಗೆ ಇನ್ನೊಂದು ದಿನ. ಬಿದರಿಯ ಕೆಲಸ ನೋಡಿದವರು ರಂಗೀನ್ ಮಹಲನ್ನು ತಪ್ಪದೆ ನೋಡಬೇಕು. ಕಪ್ಪಿನೊಳಗೆ ಬೆಳಕು ಕೂರಿಸುವ ಆಸೆ ಅಲ್ಲಿ ಕಲ್ಲಿಗೂ ಹತ್ತಿದೆ.

ಬಿಸಿಲು ಇಳಿಯುವ ಹೊತ್ತಿಗೆ ಆಟೋ ಮಾಡಿಕೊಂಡು ಅಷ್ಟೂರಿಗೆ ಹೋದೆ. ಊರಿಂದ ಪೂರ್ವಕ್ಕೆ ಕೆಲವೇ ಕಿಲೋಮೀಟರ್. ಬಹಮನಿ ಸುಲ್ತಾನರ ಗೋರಿಗಳು ಹೊಲಗಳ ನಡುವೆ ಸಾಲಾಗಿ ನಿಂತಿವೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ ಅಹ್ಮದ್ ಶಾ ವಲಿಯ ಗೋರಿಯೊಳಗೆ ಗೋಡೆ, ಗುಮ್ಮಟ ಎಲ್ಲ ಚಿತ್ರ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಕೆಂಪು, ಚಿನ್ನ, ನೀಲಿ ಒಂದೊಂದಾಗಿ ಕಾಣುತ್ತವೆ. ಒಳಗೆ ಬರೆಯಲು ಬೆಳಕು ಸಾಲದು. ಸುಮ್ನೆ ತಲೆ ಎತ್ತಿ ನಿಂತಿದ್ದೆ.

ನಾನು ಬರೆಯಬೇಕೆಂದು ಬಂದದ್ದು ಅದರ ನೆರೆಯ ಹುಮಾಯೂನ್ ಶಾ ಗೋರಿಯನ್ನು. 1458ರಿಂದ 1461ರವರೆಗೆ ಆಳಿದವನು. ಕ್ರೂರಿ ಅಂತ ಹೆಸರು ಪಡೆದವನು. ಸಿಡಿಲು ಬಡಿದು ಅವನ ಗೋರಿಯ ಗುಮ್ಮಟ ಸೀಳಿ ಹೋಗಿದೆ. ಒಂದು ಪಾಲು ಬಿದ್ದು, ಇನ್ನೊಂದು ಪಾಲು ನಿಂತಿದೆ. ಪಾಪಕ್ಕೆ ಬಿದ್ದ ಶಿಕ್ಷೆ ಅಂತ ಜನ ಹೇಳುತ್ತಾರೆ. ಚಿತ್ರ ಬರೆಯುವವರಿಗೆ ಅದು ದೊಡ್ಡ ಪಾಠ. ಇಡೀ ಗುಮ್ಮಟ ನೋಡಿದರೆ ಅದು ಹೇಗೆ ನಿಂತಿದೆ ಅಂತ ತಿಳಿಯುವುದಿಲ್ಲ. ಇಲ್ಲಿ ಗೋಡೆ ಎಷ್ಟು ದಪ್ಪ, ಕಮಾನು ಎಲ್ಲಿ ಶುರುವಾಗುತ್ತದೆ, ಇಟ್ಟಿಗೆ ಸಾಲು ಯಾವ ಎತ್ತರದಲ್ಲಿ ಒಳಕ್ಕೆ ಬಾಗುತ್ತದೆ ಎಲ್ಲ ಕಣ್ಣೆದುರಿಗೇ ಇದೆ. ಬಿದ್ದ ಪಾಲನ್ನು ಊಹೆಯಲ್ಲಿ ಕಟ್ಟಿಬಿಟ್ಟರೆ ಇದೆಲ್ಲ ಮತ್ತೆ ಗೋಡೆಯ ಹಿಂದೆ ಹೋಗುತ್ತದೆ. ಬೆಳಗ್ಗೆ ಆ ಹುಡುಗನಿಗೆ ಪೂರ್ತಿ ಹೇಳಲಾಗದ್ದು ಇದೇ. ಅವನು ಇಲ್ಲಿದ್ದಿದ್ದರೆ ಒಡೆದ ಅಂಚಿನ ಮುಂದೆ ನಿಲ್ಲಿಸಿ ಒಂದೊಂದೇ ತೋರಿಸುತ್ತಿದ್ದೆ.

ಬರೆದು ಮುಗಿಸುವವರೆಗೆ ಆಟೋದ ಕಾಕಾ ಪಕ್ಕದಲ್ಲೇ ಕೂತಿದ್ದರು. ಕಾದದ್ದಕ್ಕೆ ದುಡ್ಡು ಜಾಸ್ತಿ ಕೊಡುತ್ತೇನೆಂದರೆ ಬೇಡ ಅಂದರು. ಅಹ್ಮದ್ ಶಾ ವಲಿಯ ಉರುಸಿನ ಮಾತು ಅವರೇ ತೆಗೆದರು. ಕಲಬುರಗಿ ಕಡೆಯ ಮಾಡ್ಯಾಳದಿಂದ ಜಂಗಮರು ಬಂದು ಶಂಖ ಊದಿ ಪೂಜೆ ಮಾಡುತ್ತಾರೆ. ಸುಲ್ತಾನನನ್ನು ಅಲ್ಲಮಪ್ರಭು ಅಂತಲೇ ನಂಬಿ ಬರುವವರಿದ್ದಾರೆ. ಹಿಂದೂ, ಮುಸ್ಲಿಂ ಎಲ್ಲರೂ ಸೇರುತ್ತಾರೆ.

“ಬರೇ ಕಲ್ಲು ತೆಗೆದ್ರಿ. ಜಾತ್ರಿಗಿ ಬರ್ರಿ, ಮಂದಿ ತೆಗೀರಿ. ಈ ಪುಸ್ತಕ ಸಾಲಲ್ಲ ನೋಡ್ರಿ” ಅಂದರು ಕಾಕಾ.

ಮನೆಗೆ ಬಂದು ಹಾಳೆ ಕತ್ತರಿಸಿ, ದಪ್ಪ ದಾರದಲ್ಲಿ ಹೊಲಿದು ಹೊಸ ಪುಸ್ತಕ ಕಟ್ಟಿದ್ದೇನೆ. ಈ ಸಲ ಹಸಿರು ಬಣ್ಣವನ್ನೂ ಒಯ್ಯುತ್ತೇನೆ.