ಗ್ಯಾಸ್ ಖಾಲಿ ಆಗ್ಯಾದಂದ್ರ ಎಲ್ಲಿ ಹೋಗ್ಯಾದ?

ಸೋಮವಾರ ಮಧ್ಯಾಹ್ನ ಕಲಬುರಗಿ ರಿಂಗ್ ರೋಡಿನ ಶೆಡ್ಡಿಗೆ ಬಂದ ಕಾರು ಶನಿವಾರವಾದರೂ ತಲೆಯಿಂದ ಇಳಿದಿಲ್ಲ. ಎಸಿ ತಂಪು ಕೊಡದೆ ನಾಲ್ಕೂ ಕಿಟಕಿ ಇಳಿಸಿ, ಹಿಂದಿನ ಸೀಟಿನ ಕೂಸಿಗೆ ಒದ್ದೆ ಟವೆಲ್ ಹೊದಿಸಿಕೊಂಡು ಜೇವರ್ಗಿಯಿಂದ ಬಂದಿದ್ದರು. ಇಳಿದವರೇ ಆಡಿದ್ದು ಒಂದೇ ಮಾತು: "ಗ್ಯಾಸ್ ಖಾಲಿ ಆಗ್ಯಾದ್ರಿ, ತುಂಬಿಬಿಡ್ರಿ." ಹದಿನಾಲ್ಕು ತಿಂಗಳಲ್ಲಿ ಇದು ನಾಲ್ಕನೇ ಸಲ.

"ಖಾಲಿ ಆಗಿ ಎಲ್ಲಿ ಹೋಗ್ಯಾದ್ರಿ ಅದು?"

ಅವರ ಹತ್ತಿರ ಉತ್ತರವಿರಲಿಲ್ಲ. ಇರಬೇಕಾದದ್ದೂ ಅವರ ಹತ್ತಿರವಲ್ಲ, ಮೂರು ಸಲ ದುಡ್ಡು ತೆಗೆದುಕೊಂಡು ಆ ಪ್ರಶ್ನೆಯನ್ನೇ ಕೇಳದವರ ಹತ್ತಿರ. ಎಸಿ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಗ್ಯಾಸನ್ನು ಒತ್ತುವ ಕಂಪ್ರೆಸರ್, ಗಾಡಿಯ ಮುಂಭಾಗದಲ್ಲಿ ಅದರ ಶಾಖ ಹೊರಹಾಕುವ ಕಂಡೆನ್ಸರ್, ಸಣ್ಣ ತೂತಿನಿಂದ ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್, ಒಳಗಾಳಿ ತಂಪು ಮಾಡುವ ಇವಾಪೊರೇಟರ್ ಎಂದು ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ವರ್ಷಗಳಲ್ಲಿ ರಬ್ಬರ್ ಹೋಸ್‌ನಿಂದ ಅಷ್ಟಿಷ್ಟು ಜಿನುಗಬಹುದು. ನಾಲ್ಕೈದು ತಿಂಗಳಿಗೆ ಪೂರ್ತಿ ಹೋದರೆ ಎಲ್ಲೋ ತೂತು ಬಿದ್ದಿದೆ ಎಂದೇ ಅರ್ಥ.

ಎಸಿ ಬಟನ್ ಒತ್ತಿದರೆ ಕಂಪ್ರೆಸರ್ ಕ್ಲಚ್ಚಿನ 'ಟಕ್' ಸದ್ದೇ ಇಲ್ಲ. ಎಂಜಿನ್ ಆರಿಸಿ ಒತ್ತಡ ಅಳೆಯುವ ಗೇಜ್ ಹಚ್ಚಿದರೆ ನೀಲಿ (ಕಡಿಮೆ ಒತ್ತಡದ ಬದಿ), ಕೆಂಪು (ಹೆಚ್ಚು ಒತ್ತಡದ ಬದಿ) ಎರಡೂ ಮುಳ್ಳು 20 ಪಿಎಸ್‌ಐನಲ್ಲಿ ನಿಂತವು. ನೆರಳಿನಲ್ಲೇ 40 ಡಿಗ್ರಿ ಇರುವ ಹೊತ್ತಿನಲ್ಲಿ ಆರ್134ಎ ಎಂಬ ಈ ಎಸಿ ಗ್ಯಾಸ್ ಸುಮಾರು 130 ತೋರಿಸಬೇಕು. ಒಂದು ಎಚ್ಚರ: ಒಳಗೆ ಒಂದಿಷ್ಟು ದ್ರವ ಉಳಿದಿದ್ದರೂ ನಿಂತ ಗಾಡಿಯ ಪ್ರೆಶರ್ 130ರ ಆಸುಪಾಸೇ ಇರುತ್ತದೆ. ಹಾಗಾಗಿ 130 ಬಂತೆಂದರೆ ಗ್ಯಾಸ್ ಭರ್ತಿ ಇದೆ ಎಂದಲ್ಲ. 20 ಬಂದರೆ ಮಾತ್ರ ಅನುಮಾನವೇ ಬೇಡ.

ಇಂಥ ಹೊತ್ತಿನಲ್ಲಿ ಗ್ಯಾಸ್ ಕಡಿಮೆಯಾದರೆ ಕಂಪ್ರೆಸರ್ ತಡೆಯುವ ಪ್ರೆಶರ್ ಸ್ವಿಚ್ಚನ್ನು ವಯರ್ ಜೋಡಿಸಿ ತಪ್ಪಿಸಿ ಕಂಪ್ರೆಸರ್ ಓಡಿಸುವವರಿದ್ದಾರೆ. ಅದು ದೊಡ್ಡ ತಪ್ಪು. ಕಂಪ್ರೆಸರ್‌ಗೆ ಎಣ್ಣೆ ಮುಟ್ಟುವುದು ಗ್ಯಾಸಿನ ಜೊತೆಗೇ. ಗ್ಯಾಸಿಲ್ಲದೆ ಓಡಿದರೆ ಒಳಗೆ ಒಣಗಿ, ಲೋಹದ ಪುಡಿ ಎದ್ದು ಇಡೀ ಲೈನ್ ಕೆಡುತ್ತದೆ.

ತೂತು ಮೊದಲು ಕಂಡದ್ದು ಶೆಡ್ಡಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗನಿಗೆ. ಕಂಡೆನ್ಸರ್‌ನ ಕೆಳಗಿನ ಮೂಲೆಯಲ್ಲಿ ರೂಪಾಯಿಯಗಲದ ಕಪ್ಪು ಜಿಡ್ಡು. ಗ್ಯಾಸ್ ಸೋರುವಾಗ ಎಣ್ಣೆಯನ್ನೂ ಒಯ್ಯುತ್ತದೆ, ಎಣ್ಣೆಗೆ ಧೂಳು ಅಂಟುತ್ತದೆ. ಮೂರು ಸಲ ಬಾನೆಟ್ ಎತ್ತಿದವರ ಕಣ್ಣಿಗೆ ಬೀಳದ್ದು ಹದಿನೇಳರ ಹುಡುಗನಿಗೆ ಬಿತ್ತು. ಅವನು ಒಳ್ಳೆಯ ಕೆಲಸಗಾರನಾಗುತ್ತಾನೆ. ನೈಟ್ರೋಜನ್ 150 ಪಿಎಸ್‌ಐ ತುಂಬಿ ಸೋಪಿನ ನೊರೆ ಹಚ್ಚಿದರೆ ಅಲ್ಲೇ ಗುಳ್ಳೆ ಎದ್ದವು. ಈ ಪರೀಕ್ಷೆಗೆ ಪಂಕ್ಚರ್ ಅಂಗಡಿಯ ಗಾಳಿ ಬಳಸಲೇಬಾರದು, ಅದರಲ್ಲಿ ನೀರಿನಂಶವಿರುತ್ತದೆ.

ಮುಂದಿನ ಲಾರಿಯ ಗಾಲಿಯಿಂದ ಸಿಡಿದ ಕಲ್ಲು ತಾಗಿರಬೇಕು. ಶಹಾಬಾದ್, ಸೇಡಂ ಕಡೆ ಕಲ್ಲು, ಸಿಮೆಂಟ್ ಲಾರಿಗಳ ಹಿಂದೆ ಓಡುವ ಗಾಡಿಗಳಲ್ಲಿ ಇದನ್ನು ಮೊದಲು ನೋಡಬೇಕು. ಕಂಡೆನ್ಸರ್‌ನ ತೆಳು ಅಲ್ಯೂಮಿನಿಯಂ ನಳಿಗೆಗೆ ಎಂ-ಸೀಲ್ ಮೆತ್ತಿದರೆ 250–300 ಪಿಎಸ್‌ಐ ಒತ್ತಡಕ್ಕೆ ನಿಲ್ಲುವುದಿಲ್ಲ. ಕಂಡೆನ್ಸರ್ ಬದಲಿಸಬೇಕು. ಜೊತೆಗೆ ತೇವ ಹೀರುವ ಡ್ರೈಯರ್ ಮತ್ತು ಬಿಚ್ಚಿದ ಕಡೆಯ ಓ-ರಿಂಗ್‌ಗಳು ಹೊಸವು, ಹೊಸ ಕಂಡೆನ್ಸರ್‌ಗೆ 30 ಮಿ.ಲೀ. ಪ್ಯಾಗ್ ಎಂಬ ಕಂಪ್ರೆಸರ್ ಎಣ್ಣೆ. ಆಮೇಲೆ 45 ನಿಮಿಷ ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ, ತೇವ ಎಳೆದು, ಗೇಜಿನ ವಾಲ್ವ್ ಮುಚ್ಚಿ 20 ನಿಮಿಷ ಮುಳ್ಳು ಅಲುಗದಿರುವುದನ್ನು ನೋಡುವುದು. ಇಲ್ಲಿ ಅವಸರ ಮಾಡಿದರೆ ಒಳಗುಳಿದ ತೇವ ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ತೂತಿನಲ್ಲಿ ಮಂಜುಗಟ್ಟುತ್ತದೆ. ಸ್ವಲ್ಪ ಹೊತ್ತು ತಂಪು, ಆಮೇಲೆ ಬಿಸಿ, ಗಾಡಿ ನಿಲ್ಲಿಸಿಟ್ಟರೆ ಮತ್ತೆ ತಂಪು. ಕೊನೆಗೆ ಬಾನೆಟ್ ಸ್ಟಿಕ್ಕರಿನಲ್ಲಿ ಬರೆದ 400 ಗ್ರಾಂ, ತಕ್ಕಡಿ ಮೇಲೆ ತೂಗಿ. ಮುಳ್ಳು ನೋಡಿ ಅಂದಾಜಿಗೆ ತುಂಬಿದರೆ ನಮ್ಮ ಬಿಸಿಲಿಗೆ ಹೆಚ್ಚಾಗುವುದೇ ಜಾಸ್ತಿ, ಹೆಚ್ಚಾದರೂ ತಂಪು ಬರುವುದಿಲ್ಲ.

ಬಿಸಿ ಗಾಳಿ ಬಂತೆಂದರೆ ಗ್ಯಾಸೇ ಎಂದು ಹಟ ಹಿಡಿಯುವುದೂ ತಪ್ಪು. ಓಡುವಾಗ ತಂಪಾಗಿ, ಸೂಪರ್ ಮಾರ್ಕೆಟ್ ಗದ್ದಲದಲ್ಲಿ ನಿಂತಾಗ ಬಿಸಿಯಾದರೆ ಕಂಡೆನ್ಸರ್ ಫ್ಯಾನ್, ಅದರ ರಿಲೇ ನೋಡಿ. ತೊಗರಿ ರಾಶಿಯ ಹೊಟ್ಟು ಕಂಡೆನ್ಸರ್ ತುಂಬಿದ್ದರೂ ಹೀಗೇ ಆಗುತ್ತದೆ. ಒಳಗಿನಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟರೆ ಸಾಕು. ಎಸಿ ಓಡುವಾಗಲೂ ಕೆಂಪು ಮುಳ್ಳು ಏರದೆ, ನೀಲಿ ಇಳಿಯದೆ ಹತ್ತಿರ ಹತ್ತಿರ ನಿಂತರೆ ಕಂಪ್ರೆಸರ್ ಸವೆದಿದೆ. ಪೈಪ್ ತಣ್ಣಗಿದ್ದೂ ಒಳಗೆ ಬಿಸಿ ಬಂದರೆ ಹೀಟರ್ ಕಡೆಯ ಫ್ಲ್ಯಾಪ್ ಸಿಕ್ಕಿಬಿದ್ದಿರುತ್ತದೆ.

"ಎಲ್ಲಿ ಹೋಗ್ಯಾದ?" ಎಂಬುದಕ್ಕೆ ಇನ್ನೊಂದು ಉತ್ತರವೂ ಇದೆ: ನಮ್ಮ ತಲೆಯ ಮೇಲಕ್ಕೆ. ಒಂದು ಕಿಲೋ ಆರ್134ಎ ನೂರು ವರ್ಷದಲ್ಲಿ ಸುಮಾರು 1,430 ಕಿಲೋ ಇಂಗಾಲದ ಡೈ ಆಕ್ಸೈಡಿನಷ್ಟು ಶಾಖ ಹಿಡಿಯುತ್ತದೆ. ಮೂರು ಸಲವೂ ಪೂರ್ತಿ ತುಂಬಿದ್ದರೆ ಆ ಪುಟ್ಟ ತೂತಿನಿಂದ ಹೋದದ್ದು 1.2 ಕಿಲೋ, ಹೆಚ್ಚುಕಡಿಮೆ 740 ಲೀಟರ್ ಪೆಟ್ರೋಲ್ ಸುಟ್ಟ ಹೊಗೆಗೆ ಸಮ. ಈ ಅನಿಲಗಳನ್ನು ಕಡಿಮೆ ಮಾಡುವ ಕಿಗಾಲಿ ತಿದ್ದುಪಡಿ ಎಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2021ರಲ್ಲೇ ಒಪ್ಪಿಗೆ ಕೊಟ್ಟಿದೆ. ಮೇ ತಿಂಗಳಲ್ಲಿ ಹೆಂಚಿನಂತೆ ಕಾಯುವ ಈ ಊರಿನಲ್ಲೇ ತೂತು ಹುಡುಕದೆ ಗ್ಯಾಸ್ ಹೊಡೆಯುತ್ತಾರಲ್ಲ, ಅದೇ ಸಂಕಟ.

ಸಂಜೆ ಎಂಜಿನ್ 1,500 ಆರ್‌ಪಿಎಂನಲ್ಲಿಟ್ಟು, ಒಳಗಾಳಿ ಸುತ್ತುವ ಬಟನ್ ಒತ್ತಿ, ನಡುವಿನ ಕಿಂಡಿಗೆ ಥರ್ಮಾಮೀಟರ್ ಸಿಕ್ಕಿಸಿದರೆ 9 ಡಿಗ್ರಿ. "ಮುಂದಿನ ಬ್ಯಾಸಗಿಗೆ ಮತ್ತ ತುಂಬಸಬೇಕೇನ್ರಿ?" ಎಂದರು ಕಾರಿನವರು. ಹುಡುಗ ತಾರೀಖು, 400 ಗ್ರಾಂ, 9 ಡಿಗ್ರಿ ಎಂದು ಚೀಟಿ ಬರೆದು ಬಾನೆಟ್ ಒಳಗೆ ಅಂಟಿಸಿದ. ಯಾರೇ ಗ್ಯಾಸ್ ಎಂದರೂ ಮೊದಲು ಈ ಚೀಟಿ ತೋರಿಸಿ, ಎಲ್ಲಿ ಹೋಯಿತು ಎಂದು ಕೇಳಿ ಎಂದು ಹೇಳಿ ಕಳಿಸಲಾಯಿತು.