ಲಕ್ಸೆಂಬರ್ಗಿನಲ್ಲಿ ಟಿಕೆಟ್ ಇಲ್ಲದ ತಿರುಗಾಟ

ಲಕ್ಸೆಂಬರ್ಗಿನಲ್ಲಿ ಬಸ್ಸು, ಟ್ರಾಮು, ರೈಲು ಯಾವುದಕ್ಕೂ ಟಿಕೆಟ್ ಬೇಕಿಲ್ಲ. 2020ರ ಫೆಬ್ರವರಿ 29ರಿಂದ ಹೀಗೆ. ಅಲ್ಲಿಯವರಿಗಷ್ಟೇ ಅಲ್ಲ, ಈಗಷ್ಟೇ ವಿಮಾನ ಇಳಿದವರಿಗೂ. ನಮ್ಮಲ್ಲಿ ಹೆಂಗಸರ ಉಚಿತ ಪ್ರಯಾಣಕ್ಕೂ ಕಂಡಕ್ಟರ್ ಶೂನ್ಯ ಟಿಕೆಟ್ ಕೊಡುತ್ತಾರಲ್ಲ, ಇಲ್ಲಿ ಅದೂ ಇಲ್ಲ. ಎಚ್ಚರ ಬೇಕಾದ್ದು ಎರಡು ಕಡೆ. ರೈಲು ಡಬ್ಬಿಯ ಮೇಲೆ 1 ಎಂದು ಬರೆದಿದ್ದರೆ ಅದು ಮೊದಲ ದರ್ಜೆ, ಅಲ್ಲಿ ಕೂರಲು ದುಡ್ಡು ಕೊಡಬೇಕು. ಇನ್ನೊಂದು ಗಡಿ: ಜರ್ಮನಿಯ ಟ್ರಿಯರ್, ಫ್ರಾನ್ಸಿನ ಮೆಟ್ಸ್ ಕಡೆಯ ರೈಲುಗಳು ಗಡಿಯವರೆಗೆ ಮಾತ್ರ ಉಚಿತ. ಆಚೆಗಿನ ಟಿಕೆಟ್ಟನ್ನು ಹತ್ತುವ ಮೊದಲೇ ಕೊಂಡಿರಬೇಕು.

ಉಳಿಸಿದ ಹಣವನ್ನೆಲ್ಲ ರಾಜಧಾನಿಯ ಹೋಟೆಲುಗಳು ಕಿತ್ತುಕೊಳ್ಳುತ್ತವೆ. ಓಡಾಟಕ್ಕೆ ಖರ್ಚಿಲ್ಲದ ಮೇಲೆ ನಗರದ ನಡುವೆಯೇ ಏಕೆ ಉಳಿಯಬೇಕು? ಉತ್ತರದ ಎಟ್ಟೆಲ್‌ಬ್ರುಕ್ ಅಥವಾ ದಕ್ಷಿಣದ ಎಶ್, ಎರಡೂ ರೈಲಿನಲ್ಲಿ ಹೆಚ್ಚುಕಡಿಮೆ ಅರ್ಧ ಗಂಟೆಯ ದಾರಿ. ಎಶ್‌ನ ಯೂತ್ ಹಾಸ್ಟೆಲ್ ರೈಲು ನಿಲ್ದಾಣದ ಪಕ್ಕದಲ್ಲೇ ಇದೆ. ಕೋಟೆ, ಕಾಡು ನೋಡುವವರಿಗೆ ಎಟ್ಟೆಲ್‌ಬ್ರುಕ್ಕೇ ವಾಸಿ ಎನ್ನುವುದು ನನ್ನ ಲೆಕ್ಕ.

ಈಗ ವಿಮಾನ ನಿಲ್ದಾಣದಿಂದಲೇ ಟ್ರಾಮ್ ಹೊರಡುತ್ತದೆ. ಉತ್ತರಕ್ಕೆ ಹೋಗುವವರು ಅದರಲ್ಲಿ ನಗರದ ಮುಖ್ಯ ರೈಲು ನಿಲ್ದಾಣದವರೆಗೆ ಹೋಗಬೇಕಾಗಿಲ್ಲ. ಕಿರ್ಶ್‌ಬೆರ್ಗ್ ಬಡಾವಣೆ ದಾಟುತ್ತಿದ್ದಂತೆ, ಕೆಂಪು ಸೇತುವೆಯ ಈಚೆ ಬದಿಯಲ್ಲಿ ಇಳಿದುಬಿಡಿ. ಅಲ್ಲಿಂದ ಇಳಿಜಾರಿನ ಹಳಿಯ ಮೇಲೆ ಹಗ್ಗ ಎಳೆಯುವ ಪುಟ್ಟ ಬಂಡಿ ಒಂದೆರಡು ನಿಮಿಷದಲ್ಲಿ ಕಣಿವೆಯ ತಳದ ಪ್ಲಾಟ್‌ಫಾರ್ಮಿನ ಪಕ್ಕಕ್ಕೇ ತಂದು ಬಿಡುತ್ತದೆ. ಚಾಲಕನಿಲ್ಲ, ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ, ಸೂಟ್‌ಕೇಸು ಹೊತ್ತು ಮೆಟ್ಟಿಲು ಇಳಿಯುವ ಗೋಳಿಲ್ಲ. ಎಟ್ಟೆಲ್‌ಬ್ರುಕ್ ರೈಲುಗಳು ಅಲ್ಲಿ ನಿಲ್ಲುತ್ತವೆ. ಅದೇ ಕಣಿವೆಯಿಂದ ಹಳೆಯ ಪಟ್ಟಣಕ್ಕೆ 71 ಮೀಟರ್ ಎತ್ತರದ ಗಾಜಿನ ಲಿಫ್ಟ್ ಇದೆ, ಅದೂ ಉಚಿತ.

ಕೋಟೆಯ ಊರಾದ ವಿಯಾಂಡೆನ್‌ಗೆ ರೈಲಿಲ್ಲ, ಎಟ್ಟೆಲ್‌ಬ್ರುಕ್ ನಿಲ್ದಾಣದೆದುರಿಂದ ಬಸ್ಸು. ಕೋಟೆಯನ್ನು 1820ರಲ್ಲಿ ಆಗಿನ ದೊರೆಯೇ ಮಾರಿ, ಕೊಂಡವನು ಚಾವಣಿಯನ್ನೂ ಬಿಡದೆ ಬಿಚ್ಚಿ ಮಾರಿದ. 1977ರಲ್ಲಿ ಸರ್ಕಾರದ ಕೈಗೆ ಬಂದ ಮೇಲೆಯೇ ಅದು ಮತ್ತೆ ಎದ್ದು ನಿಂತದ್ದು. ಬಸ್ಸು ಇಳಿದ ಮೇಲೆ ಕಲ್ಲು ಹಾಸಿದ ಕಡಿದಾದ ಏರು. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ತಂತಿಯಲ್ಲಿ ತೂಗುತ್ತಾ ಬೆಟ್ಟ ಏರುವ ಕುರ್ಚಿಯ (ಚೇರ್‌ಲಿಫ್ಟ್) ದಾರಿ ಇದೆ. ಅದಕ್ಕೆ ಮಾತ್ರ ಹಣ ಕೊಡಬೇಕು, ಚಳಿಗಾಲದಲ್ಲಿ ಅದು ಓಡುವುದಿಲ್ಲ. ಮೇಲಿನಿಂದ ಕೋಟೆಗೆ ಕಾಡುದಾರಿಯಲ್ಲಿ ಇಳಿದು ಬರಬೇಕು ಎನ್ನುವುದನ್ನೂ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಬೈಗುಳ ಖಚಿತ.

ಬಿಟ್ಟಿ ಎಂದಮಾತ್ರಕ್ಕೆ ಬೇಕೆಂದಾಗ ಬಸ್ಸು ಬರುವುದಿಲ್ಲ. ಹಳ್ಳಿ ಕಡೆ ಭಾನುವಾರದ ಬಸ್ಸುಗಳು ವಿರಳ, ಒಂದು ತಪ್ಪಿದರೆ ಅಂಗಡಿಯೂ ತೆರೆದಿರದ ಬೀದಿಯಲ್ಲಿ ಕಾಯಬೇಕು. ಮೊಬಿಲಿಟೇಟ್ ಆ್ಯಪಿನಲ್ಲಿ ಹೋಗುವ ಬಸ್ಸಿಗಿಂತ ಮೊದಲು ಹಿಂತಿರುಗುವ ಕೊನೆಯ ಬಸ್ಸು ನೋಡಿಕೊಳ್ಳಿ. ಬಸ್ಸು ಕಂಡ ಕೂಡಲೇ ಕೈ ಅಡ್ಡ ಹಿಡಿಯಿರಿ. ಸುಮ್ಮನೆ ನಿಂತರೆ ಚಾಲಕರು ಮುಂದೆ ಸಾಗಿಬಿಡಬಹುದು. ಬೇಸಿಗೆಯಲ್ಲಿ ಹಳಿ ಕಾಮಗಾರಿಗೆಂದು ಉತ್ತರದ ರೈಲುಗಳನ್ನು ನಿಲ್ಲಿಸುವುದುಂಟು. ಬದಲಿ ಬಸ್ಸುಗಳಿರುತ್ತವೆ, ಆದರೆ ಸಮಯ ಹೆಚ್ಚು ಹಿಡಿಯುತ್ತದೆ.

ಕ್ಲೆರ್ವೋಗೆ ನೇರ ರೈಲಿದೆ, ರಾಜಧಾನಿಯಿಂದ ಸುಮಾರು ಒಂದು ಗಂಟೆ. ಅಲ್ಲಿನ ಕೋಟೆಯಲ್ಲಿ ಛಾಯಾಗ್ರಾಹಕ ಎಡ್ವರ್ಡ್ ಸ್ಟೈಕನ್ ಕಲೆಹಾಕಿದ 503 ಛಾಯಾಚಿತ್ರಗಳ ಪ್ರದರ್ಶನವಿದೆ. ಸೋಮವಾರ, ಮಂಗಳವಾರ ಹೋಗಬೇಡಿ, ಬಾಗಿಲು ಹಾಕಿರುತ್ತದೆ. ನಡೆಯುವ ಹುಚ್ಚಿದ್ದವರು ಬಸ್ಸಿನಲ್ಲಿ ಎಶ್ಟರ್ನಾಕ್‌ಗೆ ಹೋಗಿ, ಅಲ್ಲಿಂದ ಬಂಡೆಗಳ ನಡುವಿನ ಮುಲ್ಲರ್‌ತಾಲ್ ಕಾಲುದಾರಿ ಹಿಡಿಯಬಹುದು.

ಶೆಂಗೆನ್ ಬಗ್ಗೆ ಒಂದು ಮಾತು. ವೀಸಾ ಸರತಿಯಲ್ಲಿ ನಿಂತವರಿಗೆಲ್ಲ ಗೊತ್ತಿರುವ ಈ ಹೆಸರು ಮೊಸೆಲ್ ನದಿದಂಡೆಯ ಪುಟ್ಟ ಹಳ್ಳಿಯದು. 1985ರ ಜೂನ್ 14ರಂದು ಐದು ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದ್ದು ಇಲ್ಲಿ, ದೋಣಿಯೊಂದರ ಮೇಲೆ. ದೊಡ್ಡದೇನನ್ನೋ ನಿರೀಕ್ಷಿಸಿ ಹೋದರೆ ನಿರಾಸೆ. ಸ್ಮಾರಕ, ದ್ರಾಕ್ಷಿ ತೋಟ, ಆಚೆ ದಡದಲ್ಲಿ ಜರ್ಮನಿ. ಸೇತುವೆ ದಾಟಿದರೆ ಪೆರ್ಲ್ ಊರಿನ ರೈಲು ನಿಲ್ದಾಣ ನಡೆಯುವಷ್ಟು ದೂರದಲ್ಲಿದೆ. ಟ್ರಿಯರ್ ನೋಡುವ ಮನಸ್ಸಿದ್ದರೆ ಲಕ್ಸೆಂಬರ್ಗ್ ನಗರಕ್ಕೆ ಹಿಂತಿರುಗದೆ ಅಲ್ಲಿಂದಲೇ ರೈಲು ಹಿಡಿಯಿರಿ.