ನೆಲಮಾಳಿಗೆಯ ಅಡುಗೆಮನೆ

ನನ್ನ ಗಂಡನ ಅಜ್ಜಿಯ ಮನೆಯಲ್ಲಿ ಎರಡು ಅಡುಗೆಮನೆಗಳಿದ್ದವು. ಮೇಲಿನದು ತೋರಿಸುವುದಕ್ಕೆ, ಕೆಳಗಿನದು ಅಡುಗೆಗೆ. ಮೇಲಿನ ಒಲೆಯಲ್ಲಿ ಕಾಫಿ ಬಿಟ್ಟು ಬೇರೇನಾದರೂ ಕುದಿದದ್ದನ್ನು ನಾನು ಕಂಡಿಲ್ಲ. ಕರಿಯುವುದು, ಮೀನು ತೊಳೆಯುವುದು, ಹಿಟ್ಟು ನಾದುವುದು ಎಲ್ಲವೂ ನೆಲಮಾಳಿಗೆಯಲ್ಲಿ, ಹಳೆಯ ಗ್ಯಾಸ್ ಒಲೆ ಮತ್ತು ಉದ್ದನೆಯ ಮೇಜಿನ ನಡುವೆ. ಅಮೆರಿಕದ ರೋಡ್ ಐಲೆಂಡ್‌ನ ಕ್ರಾನ್‌ಸ್ಟನ್‌ನಲ್ಲಿ ಇಟಲಿ ಮೂಲದವರ ಹಳೆಯ ಮನೆಗಳಿಗೆ ಇದು ಹೊಸದೇನಲ್ಲ. ಕಳೆದ ವಸಂತದಲ್ಲಿ ಆ ಮನೆ ಮಾರಾಟವಾಯಿತು. ಒಂದು ಶನಿವಾರ ನಾವೆಲ್ಲ ಸೇರಿ ಕೆಳಗಿನ ಅಡುಗೆಮನೆ ಖಾಲಿ ಮಾಡಲು ಹೊರಟೆವು.

ಆ ಅಜ್ಜಿ, ಇಟಾಲಿಯನ್ ಭಾಷೆಯಲ್ಲಿ ನೊನ್ನಾ, ತೀರಿಕೊಂಡದ್ದು ಚಳಿಗಾಲದಲ್ಲಿ. ಚರ್ಚಿನಲ್ಲಿ ಮಾತಾಡಿದವರೆಲ್ಲ ಹಾಡಿದ್ದು ಒಂದೇ ರಾಗ: ಪ್ರೀತಿಯೇ ಮೈವೆತ್ತ ಅಜ್ಜಿ, ಎಲ್ಲರನ್ನೂ ಒಂದೇ ಕಣ್ಣಿನಿಂದ ಕಂಡವರು. ನಾನು ಅತ್ತೆಯ ಕಡೆ ನೋಡಿದೆ. ಅವರು ನೊನ್ನಾರ ಸೊಸೆ, ಒಂದೇ ಬೀದಿಯಲ್ಲಿ ಅರ್ಧ ಆಯಸ್ಸು ಕಳೆದವರು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಶನಿವಾರ ಮೊದಲು ಕೈಗೆ ಸಿಕ್ಕಿದ್ದು ಬಿಸ್ಕತ್ತಿನ ತಗಡಿನ ಡಬ್ಬಿ. ಒಳಗೆ ಪುಟ್ಟ ಇಕ್ಕಳ, ತುದಿ ಸವೆದ ಚಿಮಟ, ದಪ್ಪ ಕಾಗದದ ಕಾರ್ಡಿಗೆ ಸಿಕ್ಕಿಸಿದ ಹಸಿರು ಕಲ್ಲಿನ ಕಿವಿಯೋಲೆ. ಒಂದೇ ಇತ್ತು, ಜೊತೆಯದರ ಜಾಗದಲ್ಲಿ ಬರೀ ತೂತು. ಪಕ್ಕದ ಪ್ರಾವಿಡೆನ್ಸ್ ನಗರ ಒಂದು ಕಾಲಕ್ಕೆ ಕೃತಕ ಆಭರಣಗಳ ದೊಡ್ಡ ಕೇಂದ್ರವಾಗಿತ್ತು. ಹಗಲು ಕಾರ್ಖಾನೆಯಲ್ಲಿ ಬೆಸುಗೆ ಹಾಕುವುದು, ರಾತ್ರಿ ಮನೆಗೆ ತಂದ ಓಲೆಗಳನ್ನು ಕಾರ್ಡಿಗೆ ಸಿಕ್ಕಿಸುವುದು, ಒಂದು ಗ್ರೋಸಿಗೆ, ಅಂದರೆ 144ಕ್ಕೆ, ಇಷ್ಟು ಎಂದು ಕೂಲಿ. ಮಾವ ಮತ್ತು ಅವರ ತಮ್ಮ ಶಾಲೆಯಿಂದ ಬಂದವರೇ ಆ ಮೇಜಿಗೆ ಕೂರಬೇಕಿತ್ತಂತೆ. ಆಭರಣದ ಕೆಲಸವನ್ನು ಹೀಗೆ ಮನೆಗಳಲ್ಲಿ ಮಾಡಿಸಬಾರದೆಂದು ಕೇಂದ್ರ ಸರ್ಕಾರ 1940ರ ದಶಕದಲ್ಲೇ ನಿರ್ಬಂಧ ಹಾಕಿತ್ತು. ದಿನಾ ಬೆಳಿಗ್ಗೆ ಪೂಜೆ ತಪ್ಪಿಸದ ನೊನ್ನಾಗೆ ಇದು ಗೊತ್ತಿರಲಿಲ್ಲವೆ ಎಂದು ಕೇಳಿದೆ. “ಗೊತ್ತಿಲ್ಲದೆ ಏನು? ಬೈಬಲಿನ ಹತ್ತು ಕಟ್ಟಳೆಗಳಲ್ಲಿ ಓಲೆಯ ವಿಷಯ ಎಲ್ಲಿದೆ ತೋರಿಸು ಅನ್ನುತ್ತಿದ್ದಳು” ಎಂದು ಮಾವ ನಕ್ಕರು.

ನೊನ್ನಾ ಹುಟ್ಟಿದ್ದು 1932ರಲ್ಲಿ, ರೋಮ್ ಮತ್ತು ನೇಪಲ್ಸ್ ನಡುವಿನ ಇಟ್ರಿ ಎಂಬ ಊರಿನಲ್ಲಿ. ಕ್ರಾನ್‌ಸ್ಟನ್‌ನ ನೈಟ್ಸ್‌ವಿಲ್ ಎಂಬ ಭಾಗಕ್ಕೆ ಇಟ್ರಿಯ ಜನ ಇಪ್ಪತ್ತನೇ ಶತಮಾನದ ಆರಂಭದಿಂದಲೇ ಬಂದು ನೆಲೆಸಿದ್ದರು. ಬರುವಾಗ ತಮ್ಮ ಬೆಟ್ಟದ ದೇವಿಯನ್ನೂ, ಚಿವಿತಾದ ಮಾತೆ ಮರಿಯಳನ್ನೂ, ಕರೆತಂದರು. ಇಲ್ಲಿ ಜುಲೈನಲ್ಲಿ ಅವಳ ಜಾತ್ರೆ ನಡೆಯುತ್ತದೆ. ಜಾತ್ರೆ ಎಂದು ಬೇಕೆಂದೇ ಬರೆಯುತ್ತಿದ್ದೇನೆ. ಉತ್ಸವ, ವಾದ್ಯ, ಬೀದಿಯ ತಿಂಡಿ, ಹರಕೆ ಎಲ್ಲ ಇರುವುದನ್ನು ನಾನು ಬೇರೇನೆಂದು ಕರೆಯಲಿ?

1944ರ ಮೇ ತಿಂಗಳ ಹೊತ್ತಿಗೆ ಯುದ್ಧ ಇಟ್ರಿಯ ಬಹುಭಾಗವನ್ನು ಪುಡಿ ಮಾಡಿತ್ತು. ನೊನ್ನಾರ ಮನೆಯವರು ಗುಡ್ಡಗಳಲ್ಲಿ, ಕುರಿಗಾಹಿಗಳ ಕಲ್ಲುಗೂಡುಗಳಲ್ಲಿ, ಆ ಚಳಿ ಕಳೆದರು. ಏನು ತಿಂದಿರಿ ಎಂದು ಒಮ್ಮೆ ಕೇಳಿದ್ದಕ್ಕೆ, “ಹುಲ್ಲು” ಎಂದು ಮಾತು ಬದಲಿಸಿದ್ದರು. ಅಮೆರಿಕ 1924ರ ಕಾಯ್ದೆಯಲ್ಲಿ ಇಟಲಿಯವರಿಗೆ ವರ್ಷಕ್ಕೆ ನಾಲ್ಕು ಸಾವಿರಕ್ಕೂ ಕಡಿಮೆ ಮಂದಿಯ ಮಿತಿ ಹಾಕಿತ್ತು. ಯುದ್ಧ ಮುಗಿದ ಮೇಲೂ ಬಾಗಿಲು ಹೆಚ್ಚೇನೂ ತೆರೆದಿರಲಿಲ್ಲ. ಆದರೆ ಅಮೆರಿಕದ ಪ್ರಜೆಯ ಹೆಂಡತಿಗೆ ಆ ಲೆಕ್ಕ ಅನ್ವಯಿಸುತ್ತಿರಲಿಲ್ಲ. ಇಲ್ಲೇ ಹುಟ್ಟಿದ ತಾತ ಊರಿಗೆ ಹೋಗಿ ಅವರನ್ನು ಮದುವೆಯಾದರು. 1955ರಲ್ಲಿ ನೊನ್ನಾ ನೇಪಲ್ಸ್‌ನಲ್ಲಿ ಹಡಗು ಹತ್ತಿದರು. ಅದು ಪ್ರೇಮವೋ ವೀಸಾವೋ ಎಂದು ಮೊಮ್ಮಕ್ಕಳು ರೇಗಿಸಿದರೆ, “ಎರಡೂ ಅಲ್ಲ, ಹಸಿವು” ಎನ್ನುತ್ತಿದ್ದರು.

ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡುತ್ತಿದ್ದರು ಎಂಬ ಮಾತಿಗೆ ಬರುತ್ತೇನೆ. ನನ್ನ ಮಗಳು ಹುಟ್ಟಿದಾಗ ಬಾಣಂತನಕ್ಕೆಂದು ಸಾಗರದಿಂದ ಅಮ್ಮ ಬಂದಿದ್ದಳು. ಮಗು ಸಂಜೆಯಾದರೆ ಸಾಕು, ರಚ್ಚೆ ಹಿಡಿಯುತ್ತಿತ್ತು. ಅಮ್ಮ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿದಳು. ನೊನ್ನಾ ಬಂದು ತಟ್ಟೆಯಲ್ಲಿ ನೀರು ಹಾಕಿ, ಬೆರಳಿನಿಂದ ಆಲಿವ್ ಎಣ್ಣೆಯ ಹನಿಗಳನ್ನು ಬಿಟ್ಟು, ಅವು ಹರಡಿದ್ದನ್ನು ತೋರಿಸಿ “ಮಾಲೋಕ್ಯೋ” ಎಂದು ಘೋಷಿಸಿದರು. ದೃಷ್ಟಿ ತಾಗಿದೆ ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ಮೆಣಸಿನಕಾಯಿ ಸುಡುವುದು ಮೂಢನಂಬಿಕೆ ಎಂದು ನೊನ್ನಾ ನನ್ನ ಕಿವಿಯಲ್ಲಿ ಹೇಳಿದರು. ಎಣ್ಣೆ ನೀರಿನ ಮೇಲೆ ಹರಡದೆ ಇನ್ನೇನು ಮಾಡುತ್ತದೆ ಎಂದು ಅಮ್ಮ ಇನ್ನೊಂದು ಕಿವಿಯಲ್ಲಿ ಹೇಳಿದಳು.

ಆ ದೃಷ್ಟಿ ತೆಗೆಯುವ ಪ್ರಾರ್ಥನೆಯನ್ನು ಕ್ರಿಸ್‌ಮಸ್‌ನ ಹಿಂದಿನ ರಾತ್ರಿ ಮಾತ್ರ ಇನ್ನೊಬ್ಬರಿಗೆ ಹೇಳಿಕೊಡಬೇಕು. ನನಗೆ ಕಲಿಯುವ ಆಸೆಯಿತ್ತು, ಕೇಳಿಯೂ ಕೇಳಿದೆ. ನಿನಗೆ ದೀಕ್ಷಾಸ್ನಾನವಾಗಿಲ್ಲ, ಆಗದು ಎಂದರು. ಸಕ್ಕರೆ ಲೇಪವೇನೂ ಇರಲಿಲ್ಲ. ಅದರಲ್ಲಿ ನಂಬಿಕೆಯೇ ಇಲ್ಲದ ನನ್ನ ನಾದಿನಿಗೆ ಹೇಳಿಕೊಟ್ಟರು. ಅವಳು ಹೊಸ ವರ್ಷ ಬರುವುದರೊಳಗೆ ಮರೆತಳು. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳು. ಆದರೆ ಟೊಮೆಟೊ ಹಿಂಡುವ ಯಂತ್ರದ ಹಿಡಿಕೆಯನ್ನು ಅವರು ನನಗೆ ಕೊಟ್ಟಿದ್ದರು. ಆಗಸ್ಟ್ ಕೊನೆಯಲ್ಲಿ ಬುಟ್ಟಿಗಟ್ಟಲೆ ಟೊಮೆಟೊ ಬರುತ್ತಿತ್ತು. ಒಮ್ಮೆ ಹಿಂಡಿದ ಸಿಪ್ಪೆಯನ್ನು ಮತ್ತೆ ಯಂತ್ರಕ್ಕೆ ಹಾಕಬೇಕು, ಗಟ್ಟಿ ರಸ ಬರುವುದೇ ಆಗ. ಪ್ರತಿ ಸೀಸೆಗೆ ಒಂದು ಬೇಸಿಲ್ ಎಲೆ. ಕುದಿಯುವಾಗ ಸೀಸೆಗಳು ತಾಗಿ ಒಡೆಯದಂತೆ ನಡುವೆ ಹಳೆಯ ಬಟ್ಟೆ. ಬೇರೆ ಸೊಸೆಯಂದಿರು ಹಿಡಿಕೆ ಮುಟ್ಟಿದರೆ ಗದರುತ್ತಿದ್ದರು.

ಕಪಾಟಿನಲ್ಲಿ ಕೊನೆಯ ಆಗಸ್ಟಿನ ಸೀಸೆಗಳು ಉಳಿದಿದ್ದವು. ಹಂಚಿಕೊಳ್ಳುವಾಗ ಆಸ್ತಿಗೂ ಆಗದಷ್ಟು ಚೌಕಾಸಿ ನಡೆಯಿತು. ಮಧ್ಯಾಹ್ನ ಹಸಿವಾಗಿ ಮಾವ ಒಂದನ್ನು ತೆರೆದು, ಅದೇ ಒಲೆಯ ಮೇಲೆ ಬೆಳ್ಳುಳ್ಳಿ ಹುರಿದು ಸುರಿದರು. ತಟ್ಟೆಗಳು ಪೆಟ್ಟಿಗೆ ಸೇರಿದ್ದರಿಂದ ಮುಚ್ಚಳಗಳಲ್ಲಿ ಪಾಸ್ತಾ ತಿಂದೆವು. ಅಮ್ಮನ ಕೈರುಚಿಯೇ ಬೇರೆ ಎಂದು ಮಾವ ಶುರುಮಾಡಿದರು. ಅತ್ತೆ ಎರಡು ತುತ್ತು ತಿಂದು ಚಮಚ ಕೆಳಗಿಟ್ಟರು.

“ಉಪ್ಪು ಜಾಸ್ತಿ. ಯಾವಾಗಲೂ ಜಾಸ್ತಿಯೇ ಇರುತ್ತಿತ್ತು.”

ಯಾರಿಗೂ ಏನೂ ತೋಚಲಿಲ್ಲ. ಆಮೇಲೆ ಮಾವ, “ಹೌದು, ಇರುತ್ತಿತ್ತು” ಎಂದು ಇನ್ನಷ್ಟು ಬಡಿಸಿಕೊಂಡರು.